ಓಡುತ್ತಾ ಓಡುತ್ತಾ ಕೈಕೊಡುವ ರೈಡಿಂಗ್ ಮೋವರ್ ಎಂಜಿನ್: ದೋಷ ಹುಡುಕುವುದು ಹೇಗೆ?

ರೈಡಿಂಗ್ ಮೋವರ್ ಎಂದರೆ ಮೇಲೆ ಕೂತು ಓಡಿಸುವ, ಹುಲ್ಲು ಕತ್ತರಿಸುವ ಗಾಡಿ. ಅದರಲ್ಲಿ ಸ್ಟಾರ್ಟೇ ಆಗದ ಎಂಜಿನ್ ಒಂದು ಲೆಕ್ಕದಲ್ಲಿ ಸುಲಭ. ದೋಷ ಅಲ್ಲೇ ಇರುತ್ತದೆ, ಎಷ್ಟು ಹೊತ್ತು ಬೇಕಾದರೂ ಕೂತು ಹುಡುಕಬಹುದು. ನಿಜಕ್ಕೂ ಕಾಡುವುದು ಬೇರೆಯದು. ಅದು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಅರ್ಧ ಹುಲ್ಲು ಕತ್ತರಿಸುವಷ್ಟರಲ್ಲಿ ಕೆಮ್ಮಲು ಶುರು ಮಾಡುತ್ತದೆ, ಆಮೇಲೆ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಮತ್ತೆ ಓಡುತ್ತದೆ.

ಇಂಥ ಎಂಜಿನ್ ಸಿಕ್ಕಾಗ ಹೆಚ್ಚಿನವರು ಮೊದಲು ಪ್ಲಗ್ ಬದಲಿಸುತ್ತಾರೆ. ಆಗಲಿಲ್ಲವೆಂದರೆ ಫಿಲ್ಟರ್, ಅದೂ ಆಗಲಿಲ್ಲವೆಂದರೆ ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬುರೇಟರ್, ಕೊನೆಗೆ ಪ್ಲಗ್‌ನ ಕಿಡಿಗೆ ಕರೆಂಟ್ ಕೊಡುವ ಕಾಯಿಲ್. ದುಡ್ಡು ಹೋಗುತ್ತದೆ, ದೋಷ ಹಾಗೇ ಉಳಿಯುತ್ತದೆ. ಯಾವ ಭಾಗವನ್ನೂ ಕೊಳ್ಳುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಎಂಜಿನ್ ಕೈಕೊಡುವುದು ಯಾವಾಗ? ಆ ಉತ್ತರ ಸಿಕ್ಕರೆ ನೋಡಬೇಕಾದ ಜಾಗಗಳು ಹತ್ತರಿಂದ ಎರಡು ಮೂರಕ್ಕೆ ಇಳಿಯುತ್ತವೆ.

ಇಲ್ಲಿ ಹೇಳುತ್ತಿರುವುದು ಪೆಟ್ರೋಲ್‌ನಲ್ಲಿ ಓಡುವ, ಗಾಳಿಯಿಂದ ತಣಿಯುವ, ಕಾರ್ಬುರೇಟರ್ ಇರುವ, ಒಂದು ಅಥವಾ ಎರಡು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್‌ಗಳ ಬಗ್ಗೆ. ಬ್ರಿಗ್ಸ್ ಅಂಡ್ ಸ್ಟ್ರಾಟನ್, ಕೋಹ್ಲರ್, ಕವಾಸಕಿ, ಯಾವುದೇ ಇರಲಿ, ಒಳಗಿನ ತರ್ಕ ಒಂದೇ. ಅಳತೆಗಳು ಮಾತ್ರ ಮಾದರಿಯಿಂದ ಮಾದರಿಗೆ ಬದಲಾಗುತ್ತವೆ. ಎಂಜಿನ್ ಮೇಲೆ ಅಚ್ಚೊತ್ತಿರುವ ಮಾದರಿ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಸರಿಯಾದ ಅಳತೆ ಹುಡುಕಲು, ಸರಿಯಾದ ಭಾಗ ತರಿಸಲು ಅದೇ ಆಧಾರ. ಮೋವರ್‌ನ ಮಾದರಿ ಸಂಖ್ಯೆ ಬೇರೆ, ಎಂಜಿನ್‌ನದು ಬೇರೆ.

ಕೈ ಹಾಕುವ ಮೊದಲು

ಎಂಜಿನ್ ಓಡಿಸಿ ನೋಡುವುದೇನಿದ್ದರೂ ಬಯಲಿನಲ್ಲೇ. ಶೆಡ್ ಒಳಗೆ, ಬಾಗಿಲು ತೆರೆದಿದ್ದರೂ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಪಾರ್ಕಿಂಗ್ ಬ್ರೇಕ್ ಹಾಕಿರಲಿ, ಬ್ಲೇಡ್ ಆಫ್ ಇರಲಿ. ಬ್ಲೇಡ್ ಅಥವಾ ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಹತ್ತಿರ ಕೈ ಹಾಕುವಾಗ ಕೀಲಿ ತೆಗೆದು, ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಕಳಚಿ ದೂರ ಸರಿಸಿಡಿ. ಪೆಟ್ರೋಲ್ ಪೈಪ್ ಬಿಚ್ಚುವ ಕೆಲಸಕ್ಕೆ ಸೈಲೆನ್ಸರ್ ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ಬಿಸಿ ಸೈಲೆನ್ಸರ್ ಮೇಲೆ ಬಿದ್ದ ಪೆಟ್ರೋಲ್ ಹೊತ್ತಿಕೊಳ್ಳಲು ಕಿಡಿಯೇ ಬೇಕೆಂದಿಲ್ಲ.

ಹೆಜ್ಜೆ 1: ಯಾವಾಗ ಕೈಕೊಡುತ್ತದೆ ನೋಡಿ

ಒಂದೆರಡು ಸಲ ಮಾಮೂಲಿಯಂತೆ ಹುಲ್ಲು ಕತ್ತರಿಸಿ. ಏನನ್ನೂ ರಿಪೇರಿ ಮಾಡಬೇಡಿ, ಸುಮ್ನೆ ಗಮನಿಸಿ. ಸ್ಟಾರ್ಟ್ ಆಗಿ ಎಷ್ಟು ನಿಮಿಷಕ್ಕೆ ತೊಂದರೆ ಬಂತು? ನಿಂತದ್ದು ಲೈಟ್ ಸ್ವಿಚ್ ಆರಿಸಿದ ಹಾಗೆ ಒಂದೇ ಸಲಕ್ಕೋ, ಅಥವಾ ಶಕ್ತಿ ಕಳೆದುಕೊಳ್ಳುತ್ತಾ ನಿಧಾನಕ್ಕೋ? ಇಳಿಜಾರಿನಲ್ಲೋ, ಗುಂಡಿ ಹಾರಿದಾಗಲೋ, ಬ್ಲೇಡ್ ಹಾಕಿದ ಕೂಡಲೋ? ತಿರುಗಿ ಸ್ಟಾರ್ಟ್ ಆಗಲು ಎಷ್ಟು ಹೊತ್ತು ಬೇಕಾಯಿತು?

ಒಂದೇ ಸಲಕ್ಕೆ, ಒಂದು ಕೆಮ್ಮೂ ಇಲ್ಲದೆ ನಿಂತರೆ ಹೆಚ್ಚಾಗಿ ಅದು ಕರೆಂಟಿನ ಕಡೆಯ ದೋಷ: ಸ್ವಿಚ್, ವೈರ್ ಅಥವಾ ಕಾಯಿಲ್. ತಡವರಿಸುತ್ತಾ, ಏರಿಳಿಯುತ್ತಾ, ಮೆಲ್ಲಗೆ ಸತ್ತರೆ ಪೆಟ್ರೋಲ್ ಕಡೆಯದು. ಗುಂಡಿ ಹಾರಿದಾಗ ಒಂದು ಕ್ಷಣ ಮಿಸ್ ಹೊಡೆದು ಮತ್ತೆ ಹಿಡಿದುಕೊಂಡರೆ ಸವಾರ ಸೀಟಿನಿಂದ ಎದ್ದರೆ ಎಂಜಿನ್ ನಿಲ್ಲಿಸುವ, ಸೀಟಿನ ಕೆಳಗಿನ ಸ್ವಿಚ್ ಮೇಲೆ ಮೊದಲ ಅನುಮಾನ. ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ ನಿಂತರೆ ಮೂರು ಸಾಧ್ಯತೆ ಎದುರಿಗಿವೆ: ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಮುಚ್ಚಿದೆ, ಕಾಯಿಲ್ ಬಿಸಿಗೆ ಸೋಲುತ್ತಿದೆ, ಇಲ್ಲವೇ ಎಂಜಿನ್ನೇ ಜಾಸ್ತಿ ಬಿಸಿಯಾಗಿ ವಾಲ್ವ್ ಚಲಿಸದೆ ಹಿಡಿದುಕೊಳ್ಳುತ್ತಿದೆ. ತಣ್ಣಗಿದ್ದಾಗ ಮಾತ್ರ ತೊಂದರೆ ಕೊಟ್ಟು ಬಿಸಿಯಾದ ಮೇಲೆ ಸರಿಹೋದರೆ ಚೋಕ್ (ಸ್ಟಾರ್ಟ್ ಮಾಡುವಾಗ ಗಾಳಿ ಕಡಿಮೆ ಮಾಡುವ ತಡೆ) ಮತ್ತು ಕಾರ್ಬುರೇಟರಿನ ಸಣ್ಣ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು) ನೋಡಬೇಕು. ಇವು ಕಟ್ಟುನಿಟ್ಟಿನ ನಿಯಮಗಳಲ್ಲ, ಆದರೆ ಶುರು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಹೆಜ್ಜೆ 2: ಎಂಜಿನ್ ಬಿಚ್ಚದೆ ನೋಡಬಹುದಾದವು

ಆಯಿಲ್ ಕಡ್ಡಿ ಹೊರಗೆಳೆದು ನೋಡಿ, ಮೂಸಿಯೂ ನೋಡಿ. ಆಯಿಲ್ ಕಡಿಮೆಯಿದ್ದರೆ ಎಂಜಿನ್ ಬಿಸಿಯಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಜಾಸ್ತಿ ಇದ್ದರೂ ತೊಂದರೆಯೇ: ಬ್ರೀದರ್ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ದಾರಿ) ಮೂಲಕ ಆಯಿಲ್ ಕಾರ್ಬುರೇಟರ್ ಕಡೆ ಬಂದು ಏರ್ ಫಿಲ್ಟರ್ ಒದ್ದೆಯಾಗುತ್ತದೆ, ಬಿಳಿ ಹೊಗೆ ಬರುತ್ತದೆ, ಪ್ಲಗ್ ಹಾಳಾಗುತ್ತದೆ. ಮಟ್ಟ ತಾನಾಗಿಯೇ ಏರಿದ್ದು ಪೆಟ್ರೋಲ್ ವಾಸನೆ ಬಂದರೆ ಆ ಎಂಜಿನ್ ಓಡಿಸಬೇಡಿ. ಕಾರ್ಬುರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ನೀಡಲ್ ವಾಲ್ವ್ ಸೋರುತ್ತಿದೆ, ಅಥವಾ ಪೆಟ್ರೋಲ್ ಪಂಪಿನ ಒಳಗಿನ ಪೊರೆ ಹರಿದಿದೆ. ಅದನ್ನು ಸರಿಮಾಡಿ, ಆಯಿಲ್ ಬದಲಿಸಿ, ಆಮೇಲೆ ಮುಂದಿನ ಮಾತು. ಪೆಟ್ರೋಲ್ ಬೆರೆತ ಆಯಿಲ್ ಬೇರಿಂಗ್‌ಗಳನ್ನು ಕಾಪಾಡುವುದಿಲ್ಲ.

ಏರ್ ಫಿಲ್ಟರ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಕಾಗದದ ಫಿಲ್ಟರ್ ಆದರೆ ಮೆಲ್ಲಗೆ ತಟ್ಟಿ ಧೂಳು ಉದುರಿಸಬಹುದು. ಕಂಪ್ರೆಸರ್ ಗಾಳಿ ಹೊಡೆದರೆ ಕಾಗದ ತೂತಾಗುತ್ತದೆ. ಮೇಲೆ ಸ್ಪಂಜಿನ ಹೊದಿಕೆ ಇದ್ದರೆ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಫಿಲ್ಟರ್ ತೀರಾ ಕೊಳಕಾಗಿದ್ದರೆ ಹೊಸದು ತನ್ನಿ. ಫಿಲ್ಟರ್ ಇಲ್ಲದೆ ಅರ್ಧ ನಿಮಿಷ ಓಡಿಸಿ ವ್ಯತ್ಯಾಸ ನೋಡಬಹುದು, ಆದರೆ ಹಾಗೆಯೇ ಹುಲ್ಲು ಕತ್ತರಿಸಲು ಹೊರಡಬೇಡಿ.

ಆಮೇಲೆ ಎಂಜಿನ್ ಮೇಲಿನ ತಗಡಿನ ಹೊದಿಕೆ. ಇದನ್ನು ಬಿಚ್ಚಿ ನೋಡುವವರು ಕಡಿಮೆ. ಫ್ಲೈವೀಲ್‌ನ ರೆಕ್ಕೆಗಳು ಎಳೆದ ಗಾಳಿ ಈ ಹೊದಿಕೆಯ ಕೆಳಗೆ ಹರಿದು ಸಿಲಿಂಡರಿನ ಏಣುಗಳನ್ನು ತಣಿಸಬೇಕು. ಒಣ ಹುಲ್ಲಿನ ಚೂರು ಅಲ್ಲಿ ಒತ್ತಾಗಿ ತುಂಬಿಕೊಂಡಿರುತ್ತದೆ, ಎಷ್ಟೋ ಸಲ ಇಲಿ ಗೂಡು ಕಟ್ಟಿರುತ್ತದೆ. ಹೊರಗಿನಿಂದ ಎಂಜಿನ್ ಸ್ವಚ್ಛವಾಗಿಯೇ ಕಾಣುತ್ತದೆ, ಒಳಗೆ ಮಾತ್ರ ಬೇಯುತ್ತಿರುತ್ತದೆ. ಬಿಸಿಯಾದ ಮೇಲೆ ನಿಲ್ಲುವ ಎಂಜಿನ್ ನಿಮ್ಮದಾಗಿದ್ದರೆ ಈ ಕೆಲಸ ಮುಗಿಸದೆ ಮುಂದೆ ಹೋಗಬೇಡಿ. ಬ್ರಷ್ ಮತ್ತು ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ, ನೀರು ಹೊಡೆಯಬೇಡಿ.

ಇನ್ನು ಪೆಟ್ರೋಲ್. ಡಬ್ಬಿಯಲ್ಲಿ 30 ದಿನಕ್ಕಿಂತ ಹೆಚ್ಚು ಇಟ್ಟ ಪೆಟ್ರೋಲ್ ಮೇಲೆ ನಂಬಿಕೆ ಇಡಬೇಡಿ. ಹಗುರ ಅಂಶಗಳು ಹಾರಿಹೋಗಿ ಉಳಿದದ್ದು ಅಂಟಾಗುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ತೇವ ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಎಂಜಿನ್ ಮೊದಲು ಕುಡಿಯುವುದು ಅದನ್ನೇ. ಹಲವು ತಯಾರಕರ ಕೈಪಿಡಿಗಳು ಎಥನಾಲ್ ಶೇ. 10 ಮೀರಬಾರದು ಎನ್ನುತ್ತವೆ. ಟ್ಯಾಂಕಿನಿಂದ ಸ್ವಲ್ಪ ಪೆಟ್ರೋಲ್ ಗಾಜಿನ ಬಾಟಲಿಗೆ ತೆಗೆದು ಹತ್ತು ನಿಮಿಷ ಬಿಡಿ. ತಳದಲ್ಲಿ ಬೇರೆ ಪದರ ಅಥವಾ ಗುಳ್ಳೆಯಂಥ ಹನಿ ಕಂಡರೆ, ಇಲ್ಲವೇ ವಾರ್ನಿಷ್‌ನಂಥ ವಾಸನೆ ಬಂದರೆ ಪೂರ್ತಿ ಖಾಲಿ ಮಾಡಿ ಹೊಸದು ತುಂಬಿ.

ಹೆಜ್ಜೆ 3: ನಿಂತ ಕ್ಷಣದಲ್ಲೇ ಪರೀಕ್ಷಿಸಿ

ಈ ಲೇಖನದಲ್ಲಿ ಒಂದೇ ಒಂದು ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬಂದು ಹೋಗುವ ದೋಷ ಎಂಜಿನ್ ನಿಂತ ಮೇಲಿನ ಒಂದೆರಡು ನಿಮಿಷ ಮಾತ್ರ ಕೈಗೆ ಸಿಗುತ್ತದೆ. ಗಾಡಿಯನ್ನು ಶೆಡ್‌ಗೆ ತಳ್ಳಿಕೊಂಡು ಹೋಗಿ, ಕೈ ತೊಳೆದು, ಉಪಕರಣ ತರುವಷ್ಟರಲ್ಲಿ ಕಾಯಿಲ್ ತಣ್ಣಗಾಗಿರುತ್ತದೆ, ಟ್ಯಾಂಕಿಗೆ ಗಾಳಿ ಸೇರಿರುತ್ತದೆ. ಆಗ ಪರೀಕ್ಷೆ ಮಾಡಿದರೆ ಎಲ್ಲವೂ ಸರಿ ಎಂದೇ ಕಾಣುತ್ತದೆ. ಅದಕ್ಕೇ ಉಪಕರಣಗಳನ್ನು ಗಾಡಿಯ ಜೊತೆಯಲ್ಲೇ ಒಯ್ಯಿರಿ: ಪ್ಲಗ್ ಸ್ಪ್ಯಾನರ್, ಸ್ಪಾರ್ಕ್ ಟೆಸ್ಟರ್, ಒಂದು ಮಲ್ಟಿಮೀಟರ್. ಜೊತೆಗೆ ಇನ್ನೊಬ್ಬರಿದ್ದರೆ ಒಳ್ಳೆಯದು. ಬ್ರೇಕ್ ಪೆಡಲ್ ಒತ್ತಿ ಸೀಟಿನಲ್ಲಿ ಕೂತು ಕೀಲಿ ತಿರುಗಿಸಲು ಒಬ್ಬರು, ಎಂಜಿನ್ ಪಕ್ಕ ನಿಂತು ನೋಡಲು ಒಬ್ಬರು.

ನಿಂತ ತಕ್ಷಣ ಮೊದಲು ಟ್ಯಾಂಕಿನ ಮುಚ್ಚಳ ಸಡಿಲಿಸಿ. ಒಳಗೆ ಗಾಳಿ ಸುಯ್ ಎಂದು ಎಳೆದುಕೊಂಡ ಸದ್ದು ಬಂದು, ಸ್ವಲ್ಪ ಹೊತ್ತಿನಲ್ಲಿ ಎಂಜಿನ್ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ. ಪೆಟ್ರೋಲ್ ಕೆಳಗಿಳಿಯಲು ಮೇಲಿನಿಂದ ಗಾಳಿ ಒಳಗೆ ಬರಬೇಕು, ಅಲ್ವಾ? ಬರದಿದ್ದರೆ ಟ್ಯಾಂಕ್ ಒಳಗೆ ನಿರ್ವಾತ ಹುಟ್ಟಿ ಹರಿವು ನಿಲ್ಲುತ್ತದೆ. ಮುಚ್ಚಳ ಬದಲಿಸಿದರೆ ಕೆಲಸ ಮುಗಿಯಿತು. ಕೆಲವು ಗಾಡಿಗಳಲ್ಲಿ ಮುಚ್ಚಳದ ಬದಲು ಟ್ಯಾಂಕಿಗೆ ಬೇರೆ ಗಾಳಿಯ ಪೈಪ್ ಇರುತ್ತದೆ, ಅಲ್ಲೂ ಮಡಿಕೆ, ಕಸ ನೋಡಿ.

ಮುಚ್ಚಳದಿಂದ ಏನೂ ಬದಲಾಗದಿದ್ದರೆ ಸ್ಪಾರ್ಕ್ ಟೆಸ್ಟರ್ ತೆಗೆಯಿರಿ. ಪ್ಲಗ್ ಮತ್ತು ಅದರ ಕ್ಯಾಪ್ ನಡುವೆ ಸಿಕ್ಕಿಸಿ ಸ್ಟಾರ್ಟರ್ ತಿರುಗಿಸಿ. ಬೆಳಕು ಒಂದೇ ಸಮನೆ ಮಿನುಗುತ್ತಿದ್ದರೆ ಕಿಡಿ ಇದೆ, ಪೆಟ್ರೋಲ್ ಕಡೆ ಹೋಗಿ. ಮಿನುಗದಿದ್ದರೆ, ಅಥವಾ ನಡುನಡುವೆ ತಪ್ಪುತ್ತಿದ್ದರೆ ಕರೆಂಟಿನ ಕಡೆ ಹೋಗಿ. ಪ್ಲಗ್ ಬಿಚ್ಚಿ ಲೋಹಕ್ಕೆ ತಾಗಿಸಿ ಕಿಡಿ ನೋಡುವ ಹಳೆಯ ಪದ್ಧತಿ ಬೇಡ. ತೆರೆದ ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಬರುತ್ತಿರುತ್ತದೆ, ಪಕ್ಕದಲ್ಲೇ ಕಿಡಿ ಹಾರುತ್ತಿರುತ್ತದೆ.

ಕಿಡಿ ಚೆನ್ನಾಗಿದೆ ಎಂದಾದರೆ ಈಗ ಪ್ಲಗ್ ಬಿಚ್ಚಿ ತುದಿ ನೋಡಿ. ಒಣಗಿದ್ದರೆ ಸಿಲಿಂಡರ್‌ಗೆ ಪೆಟ್ರೋಲ್ ತಲುಪುತ್ತಿಲ್ಲ. ಪೆಟ್ರೋಲ್‌ನಿಂದ ತೊಯ್ದಿದ್ದರೆ ಬೇಕಾದ್ದಕ್ಕಿಂತ ಜಾಸ್ತಿ ಹೋಗುತ್ತಿದೆ. ಬಣ್ಣವೂ ಮಾತಾಡುತ್ತದೆ: ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ಉರಿ ಸರಿಯಿದೆ. ಕರಿ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಅಥವಾ ಗಾಳಿ ಕಡಿಮೆ. ಸುಣ್ಣದಂತೆ ಬಿಳಿಯಾಗಿದ್ದರೆ ಪೆಟ್ರೋಲ್ ಕಡಿಮೆ ಅಥವಾ ಎಂಜಿನ್ ಅತಿ ಬಿಸಿ. ಜಿಡ್ಡು ಜಿಡ್ಡಾಗಿ ಕಪ್ಪಾಗಿದ್ದರೆ ಆಯಿಲ್ ಮೇಲೆ ಬರುತ್ತಿದೆ.

ಹೆಜ್ಜೆ 4: ಪೆಟ್ರೋಲ್ ಬರುವ ದಾರಿ

ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ ದಾರಿಯನ್ನು ಬೆರಳಿಟ್ಟು ಹಿಂಬಾಲಿಸಿ. ರಬ್ಬರ್ ಪೈಪ್ ಹೊರಗೆ ಚೆನ್ನಾಗಿದ್ದು ಒಳಪದರ ಉಬ್ಬಿ ಅಥವಾ ಸುಲಿದು ದಾರಿ ಮುಚ್ಚಿರಬಹುದು. ಗಟ್ಟಿಯಾಗಿ ಬಿರುಕು ಬಿಟ್ಟ ಪೈಪ್ ಪೆಟ್ರೋಲ್ ಜೊತೆ ಗಾಳಿಯನ್ನೂ ಎಳೆಯುತ್ತದೆ. ಅನುಮಾನ ಬಂದರೆ ಬದಲಿಸಿ, ಇದು ಅಗ್ಗದ ಭಾಗ. ಪೈಪ್ ಸೈಲೆನ್ಸರ್‌ಗೆ ತೀರಾ ಹತ್ತಿರ ಹಾದುಹೋಗುತ್ತಿದ್ದರೆ ದೂರ ಸರಿಸಿ ಕಟ್ಟಿ. ಬಿಸಿಗೆ ಪೆಟ್ರೋಲ್ ಪೈಪಿನೊಳಗೇ ಆವಿಯಾದರೂ ಎಂಜಿನ್ ನಿಲ್ಲುತ್ತದೆ. ಫಿಲ್ಟರ್ ಬದಲಿಸುವಾಗ ಅದರ ಮೇಲಿನ ಬಾಣ ಕಾರ್ಬುರೇಟರ್ ಕಡೆ ಇರಲಿ.

ಟ್ಯಾಂಕ್ ಕೆಳಗೆ, ಕಾರ್ಬುರೇಟರ್ ಮೇಲೆ ಇರುವ ಗಾಡಿಗಳಲ್ಲಿ ಸಣ್ಣ ಪಂಪ್ ಇರುತ್ತದೆ. ಹೆಚ್ಚಿನವು ಎಂಜಿನ್ನಿನ ಕ್ರ್ಯಾಂಕ್‌ಕೇಸ್ (ಆಯಿಲ್ ಇರುವ ಕೆಳಭಾಗ) ಒಳಗಿನ ಒತ್ತಡದ ಏರಿಳಿತದಿಂದ ಕೆಲಸ ಮಾಡುತ್ತವೆ, ಕರೆಂಟ್ ಬೇಕಿಲ್ಲ. ಪರೀಕ್ಷೆ ಹೀಗೆ: ಎಂಜಿನ್ ತಣ್ಣಗಿರಲಿ. ಪ್ಲಗ್ ಕ್ಯಾಪ್ ಕಳಚಿ, ಅದರ ಒಳಗಿನ ಲೋಹವನ್ನು ಒಂದು ವೈರ್‌ನಿಂದ ಎಂಜಿನ್ ಬಾಡಿಗೆ ಜೋಡಿಸಿ, ಕಿಡಿ ಹಾರದಂತೆ. ಕಾರ್ಬುರೇಟರ್ ಕಡೆಯ ಪೈಪ್ ಬಿಚ್ಚಿ ಡಬ್ಬಿಯೊಳಗೆ ಬಿಡಿ. ಸ್ಟಾರ್ಟರ್ ಕೆಲವು ಸೆಕೆಂಡ್ ತಿರುಗಿಸಿ. ಚಿಮ್ಮಿ ಚಿಮ್ಮಿ ಪೆಟ್ರೋಲ್ ಬಂದರೆ ಪಂಪ್ ಸರಿಯಿದೆ. ಹನಿ ಹನಿಯಾಗಿ ಬಂದರೆ, ಅಥವಾ ಬರದೇ ಇದ್ದರೆ, ಪಂಪಿಗೆ ಒತ್ತಡ ತರುವ ಸಣ್ಣ ಪೈಪ್ ಸೀಳಿದೆಯೇ ಎಂದು ಮೊದಲು ನೋಡಿ. ಅದು ಸರಿಯಿದ್ದರೆ ಪಂಪ್ ಬದಲಿಸಬೇಕು.

ಹೆಜ್ಜೆ 5: ಕಾರ್ಬುರೇಟರ್

ಎಂಜಿನ್ ವೇಗ ಒಂದೇ ಲಯದಲ್ಲಿ ಏರುತ್ತಾ ಇಳಿಯುತ್ತಾ ಇದೆಯೇ? ಇದನ್ನು ಕಂಡ ಕೂಡಲೇ ಹಲವರು ಎಂಜಿನ್ ವೇಗವನ್ನು ಒಂದೇ ಸಮ ಇಡುವ ಗವರ್ನರ್‌ನ ಸ್ಪ್ರಿಂಗ್‌ಗೆ ಕೈ ಹಾಕುತ್ತಾರೆ. ದಯವಿಟ್ಟು ಬೇಡ. ಹೆಚ್ಚಿನ ಸಲ ಗವರ್ನರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ. ಪೆಟ್ರೋಲ್ ಸಾಲದೆ ವೇಗ ಇಳಿಯುತ್ತದೆ, ಗವರ್ನರ್ ಥ್ರಾಟಲ್ ತೆರೆಯುತ್ತದೆ, ವೇಗ ಏರುತ್ತದೆ, ಗವರ್ನರ್ ಮುಚ್ಚುತ್ತದೆ, ಮತ್ತೆ ಇಳಿಯುತ್ತದೆ.

ಇದನ್ನು ಖಚಿತ ಮಾಡಿಕೊಳ್ಳಲು ಚೋಕ್ ಸಾಕು. ಬಿಸಿಯಾದ ಎಂಜಿನ್ ಓಡುತ್ತಿರುವಾಗ ಚೋಕನ್ನು ಮೆಲ್ಲಗೆ ಅರ್ಧ ಎಳೆಯಿರಿ. ಓಟ ನಯವಾದರೆ ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ, ಅಥವಾ ಬೇಡದ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ. ಓಟ ಇನ್ನೂ ಕೆಟ್ಟರೆ, ಕರಿ ಹೊಗೆ ಬಂದರೆ, ಪೆಟ್ರೋಲ್ ಕೊರತೆ ಕಾರಣವಲ್ಲ.

ಗಾಳಿ ನುಗ್ಗುವ ಜಾಗವೆಂದರೆ ಕಾರ್ಬುರೇಟರ್ ಮತ್ತು ಸಿಲಿಂಡರ್ ನಡುವಿನ ಗ್ಯಾಸ್ಕೆಟ್‌ಗಳು ಮತ್ತು ಆ ಪೈಪಿನ ಕೂಡಿಕೆ. ಮೊದಲು ಬೋಲ್ಟ್‌ಗಳು ಬಿಗಿಯಾಗಿವೆಯೇ ನೋಡಿ. ಆಮೇಲೆ ಎಂಜಿನ್ ಓಡುವಾಗ ಕೂಡಿಕೆಯ ಸುತ್ತ ಕಾರ್ಬುರೇಟರ್ ಕ್ಲೀನರ್ ಚಿಕ್ಕದಾಗಿ ಸಿಂಪಡಿಸಿ. ವೇಗ ಬದಲಾದ ಜಾಗದಲ್ಲಿ ಸೋರಿಕೆ ಇದೆ. ಈ ಸ್ಪ್ರೇ ಬೇಗ ಹೊತ್ತಿಕೊಳ್ಳುತ್ತದೆ. ಸೈಲೆನ್ಸರ್ ಮತ್ತು ಪ್ಲಗ್ ಕಡೆ ಹೋಗದಂತೆ ನೋಡಿಕೊಳ್ಳಿ, ಬೆಂಕಿ ಆರಿಸುವ ಸಾಧನ ಹತ್ತಿರ ಇಟ್ಟುಕೊಳ್ಳಿ.

ಸೋರಿಕೆ ಇಲ್ಲವೆಂದರೆ ಕಾರ್ಬುರೇಟರ್ ತೊಳೆಯಬೇಕು. ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ, ನಾಲ್ಕು ದಿಕ್ಕಿನಿಂದಲೂ. ಸ್ಪ್ರಿಂಗ್ ಯಾವ ತೂತಿನಲ್ಲಿತ್ತು, ಕಡ್ಡಿ ಯಾವ ಕಡೆ ಬಾಗಿತ್ತು ಎನ್ನುವುದು ಆಮೇಲೆ ನೆನಪಿರುವುದಿಲ್ಲ. ಪೆಟ್ರೋಲ್ ಪೈಪ್‌ಗೆ ಕ್ಲಿಪ್ ಹಾಕಿ ಹರಿವು ನಿಲ್ಲಿಸಿ. ಕೆಳಗಿನ ಬಟ್ಟಲನ್ನು ಬಿಚ್ಚಿ ಅದರಲ್ಲಿದ್ದ ಪೆಟ್ರೋಲನ್ನು ಚೆಲ್ಲದೆ ಒಂದು ಬಿಳಿ ಡಬ್ಬಿಗೆ ಸುರಿಯಿರಿ. ನೀರಿನ ಹನಿ, ತುಕ್ಕಿನ ಪುಡಿ, ಹಸಿರು ಅಂಟು, ಏನೇ ಕಂಡರೂ ಅದು ಎಲ್ಲಿಂದ ಬಂತು ಎಂದು ಯೋಚಿಸಬೇಕು. ಟ್ಯಾಂಕ್ ಕೊಳಕಾಗಿಯೇ ಉಳಿದರೆ ತೊಳೆದ ಕಾರ್ಬುರೇಟರ್ ಮತ್ತೆ ಕಟ್ಟಿಕೊಳ್ಳುತ್ತದೆ.

ಒಳಗೆ ಮುಖ್ಯ ಜೆಟ್, ಅದರ ಮೇಲೆ ಸಾಲು ಸಾಲು ಸಣ್ಣ ತೂತುಗಳಿರುವ ಕೊಳವೆ, ಮತ್ತು ನಿಧಾನ ವೇಗಕ್ಕೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಇರುತ್ತವೆ. ಪೈಲಟ್ ಜೆಟ್‌ನ ತೂತು ಕೂದಲಿನಷ್ಟೇ ಇರುತ್ತದೆ. ಏರಿಳಿತಕ್ಕೆ ಹೆಚ್ಚಾಗಿ ಕಾರಣವಾಗುವುದು ಇದೇ. ಪ್ರತಿ ತೂತಿನ ಮೂಲಕವೂ ಬೆಳಕು ದುಂಡಗೆ ಕಾಣಬೇಕು. ವಿದ್ಯುತ್ ವೈರಿನ ಒಳಗಿನ ತಾಮ್ರದ ಒಂದೆಳೆಯಿಂದ ಚುಚ್ಚಿ ತೆಗೆಯಿರಿ. ಉಕ್ಕಿನ ಸೂಜಿ, ಡ್ರಿಲ್ ಬಿಟ್ ಬಳಸಿದರೆ ತೂತು ದೊಡ್ಡದಾಗುತ್ತದೆ, ಅದನ್ನು ಮತ್ತೆ ಚಿಕ್ಕದು ಮಾಡಲು ಆಗುವುದಿಲ್ಲ. ಕ್ಲೀನರ್ ಸಿಂಪಡಿಸಿ ಗಾಳಿ ಊದಿ, ಕಣ್ಣಿಗೆ ಕನ್ನಡಕ ಇರಲಿ. ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳನ್ನು ಕ್ಲೀನರ್‌ನಲ್ಲಿ ನೆನೆಸಬೇಡಿ. ಬಟ್ಟಲಿನ ಪೆಟ್ರೋಲ್ ಮೇಲೆ ತೇಲುವ ಫ್ಲೋಟ್ ಅಲ್ಲಾಡಿಸಿ ನೋಡಿ, ಒಳಗೆ ಪೆಟ್ರೋಲ್ ಸದ್ದು ಬಂದರೆ ಅದು ತೂತಾಗಿದೆ. ನೀಡಲ್‌ನ ತುದಿಯಲ್ಲಿ ಸುತ್ತಲೂ ಗೀರು ಬಿದ್ದಿದ್ದರೆ ಬದಲಿಸಿ.

ಕಾರ್ಬುರೇಟರಿನ ತಳದಲ್ಲಿ ವೈರ್ ಇರುವ ಒಂದು ಬೋಲ್ಟಿನಂಥ ಭಾಗ ಇರಬಹುದು. ಅದು ಪೆಟ್ರೋಲ್ ತಡೆಯುವ ಸೊಲೆನಾಯ್ಡ್. ಕೀಲಿ ಆನ್ ಮಾಡಿದಾಗ ಕರೆಂಟ್ ಬಂದು ಅದರ ಕಡ್ಡಿ ಒಳಸರಿಯುತ್ತದೆ, ಜೆಟ್‌ಗೆ ದಾರಿ ಬಿಡುತ್ತದೆ. ಕೀಲಿ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಕಿವಿಯಿಟ್ಟು ಕೇಳಿ. ಟಕ್ ಎಂಬ ಸದ್ದು ಬರಬೇಕು. ಬರದಿದ್ದರೆ ವೈರ್‌ನಲ್ಲಿ 12 ವೋಲ್ಟ್ ಬರುತ್ತಿದೆಯೇ ಅಳೆಯಿರಿ. ವೋಲ್ಟೇಜ್ ಇದ್ದೂ ಸದ್ದಿಲ್ಲವೆಂದರೆ ಸೊಲೆನಾಯ್ಡ್ ಹೋಗಿದೆ. ಕನೆಕ್ಟರ್ ಸಡಿಲವಾಗಿದ್ದರೂ ಓಡುವಾಗಿನ ಅದುರಿಕೆಗೆ ಕ್ಷಣಕ್ಷಣಕ್ಕೂ ಪೆಟ್ರೋಲ್ ಕಡಿದುಹೋಗುತ್ತದೆ.

ಇಲ್ಲೇ ಬ್ಯಾಟರಿಯ ಮಾತೂ ಬರುತ್ತದೆ. ಈ ಎಂಜಿನ್‌ಗಳಲ್ಲಿ ಹೆಚ್ಚಿನವು ಕಿಡಿಯನ್ನು ಫ್ಲೈವೀಲ್‌ನ ಆಯಸ್ಕಾಂತದಿಂದಲೇ ಹುಟ್ಟಿಸಿಕೊಳ್ಳುತ್ತವೆ, ಅದಕ್ಕೆ ಬ್ಯಾಟರಿ ಬೇಡ. ಆದರೆ ಸೊಲೆನಾಯ್ಡ್‌ಗೆ, ಬ್ಲೇಡಿನ ಎಲೆಕ್ಟ್ರಿಕ್ ಕ್ಲಚ್‌ಗೆ ಕರೆಂಟ್ ಬೇಕೇ ಬೇಕು. ಚಾರ್ಜಿಂಗ್ ಕೆಟ್ಟಿದ್ದರೆ ಬ್ಯಾಟರಿ ಓಡುತ್ತಾ ಓಡುತ್ತಾ ಖಾಲಿಯಾಗಿ, ಸೊಲೆನಾಯ್ಡ್ ಮುಚ್ಚಿ, ಎಂಜಿನ್ ನಿಲ್ಲುತ್ತದೆ. ನೋಡುವವರಿಗೆ ಪೆಟ್ರೋಲ್ ದೋಷದಂತೆಯೇ ಕಾಣುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಪೂರ್ತಿ ವೇಗದಲ್ಲಿದ್ದಾಗ ಅದು 13.5ರಿಂದ 14.5ರ ಆಸುಪಾಸಿಗೆ ಏರಬೇಕು. ಏರದಿದ್ದರೆ ಮೊದಲು ಬ್ಯಾಟರಿ ತುದಿಗಳ ತುಕ್ಕು, ಅರ್ಥ್ ವೈರಿನ ಬೋಲ್ಟ್, ಫ್ಯೂಸ್ ನೋಡಿ. ಆಮೇಲೆ ಚಾರ್ಜಿಂಗ್ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಸರದಿ.

ಹೆಜ್ಜೆ 6: ಕಿಡಿ ತಪ್ಪುತ್ತಿದ್ದರೆ

ಪ್ಲಗ್ ಅಗ್ಗ, ಹಳೆಯದಾಗಿದ್ದರೆ ಬದಲಿಸಿಬಿಡಿ. ಪ್ಲಗ್ ತುದಿಯಲ್ಲಿ ಕಿಡಿ ಹಾರುವ ಅಂತರ ಹಲವು ಎಂಜಿನ್‌ಗಳಲ್ಲಿ 0.76 ಮಿ.ಮೀ. ಇರುತ್ತದೆ. ಹೊಸ ಪ್ಲಗ್ ಆದರೂ ಫೀಲರ್ ಗೇಜ್‌ನಿಂದ ಅಳೆದೇ ಹಾಕಿ. ಕ್ಯಾಪ್ ಗಟ್ಟಿಯಾಗಿ ಕೂರಬೇಕು.

ಮುಂದಿನ ಪ್ರಶ್ನೆ ಮುಖ್ಯ: ಕೆಟ್ಟಿರುವುದು ಕಾಯಿಲ್ಲೋ, ಅಥವಾ ಕಾಯಿಲ್ಲನ್ನು ಯಾರಾದರೂ ಆಫ್ ಮಾಡುತ್ತಿದ್ದಾರೋ? ಈ ಗಾಡಿಗಳಲ್ಲಿ ಕೀಲಿ ಆಫ್ ಮಾಡಿದಾಗ ಕಾಯಿಲ್‌ಗೆ ಹೋಗುವ ಒಂದು ತೆಳು ವೈರ್ ಅರ್ಥ್‌ಗೆ ಸೇರುತ್ತದೆ, ಕಿಡಿ ನಿಲ್ಲುತ್ತದೆ. ಸೀಟಿನ ಸ್ವಿಚ್, ಬ್ರೇಕ್ ಸ್ವಿಚ್, ಬ್ಲೇಡ್ ಸ್ವಿಚ್, ರಿವರ್ಸ್ ಸ್ವಿಚ್ ಕೂಡ ಇದೇ ವೈರ್ ಮೂಲಕ ಎಂಜಿನ್ ನಿಲ್ಲಿಸುತ್ತವೆ. ಹಾಗಾಗಿ ಈ ವೈರ್‌ನ ಹೊದಿಕೆ ಎಲ್ಲಾದರೂ ಸವೆದು ಲೋಹಕ್ಕೆ ತಾಗಿದರೆ ಎಂಜಿನ್ ತಕ್ಷಣ ಆಫ್.

ಬೇರೆ ಮಾಡಿ ನೋಡುವ ಬಗೆ ಹೀಗಿದೆ. ಬ್ರೇಕ್ ಹಾಕಿ, ಬ್ಲೇಡ್ ಆಫ್ ಮಾಡಿ, ಗಾಡಿ ನಿಂತಲ್ಲೇ ಇರುವಂತೆ ಈ ವೈರನ್ನು ಎಂಜಿನ್ ಹತ್ತಿರದ ಕನೆಕ್ಟರ್‌ನಲ್ಲಿ ಕಳಚಿ. ಎಂಜಿನ್ ಸ್ಟಾರ್ಟ್ ಮಾಡಿ ಬಿಸಿಯಾಗುವವರೆಗೆ ಓಡಿಸಿ. ತೊಂದರೆ ಮಾಯವಾದರೆ ದೋಷ ಸ್ವಿಚ್, ಕೀಲಿ ಅಥವಾ ವೈರ್‌ಗಳಲ್ಲಿದೆ. ತೊಂದರೆ ಹಾಗೇ ಇದ್ದು ಕಿಡಿ ಹೋದರೆ ಕಾಯಿಲ್ಲೇ ಹೋಗಿದೆ. ನೆನಪಿರಲಿ, ಈ ವೈರ್ ಕಳಚಿದಾಗ ಕೀಲಿಯಿಂದ ಕಿಡಿ ನಿಲ್ಲುವುದಿಲ್ಲ. ಸೊಲೆನಾಯ್ಡ್ ಇದ್ದರೆ ಕೀಲಿ ತಿರುಗಿಸಿದ ಸ್ವಲ್ಪ ಹೊತ್ತಿಗೆ ಪೆಟ್ರೋಲ್ ನಿಂತು ಎಂಜಿನ್ ನಿಲ್ಲುತ್ತದೆ. ಇಲ್ಲದಿದ್ದರೆ ಪೂರ್ತಿ ಚೋಕ್ ಎಳೆದು ಅಥವಾ ಪೆಟ್ರೋಲ್ ವಾಲ್ವ್ ಮುಚ್ಚಿ ನಿಲ್ಲಿಸಬೇಕು. ಪರೀಕ್ಷೆ ಮುಗಿದ ಕೂಡಲೇ ವೈರ್ ಮತ್ತೆ ಜೋಡಿಸಿ. ವೈರ್ ಕಳಚಿಟ್ಟು ಅಥವಾ ಸೀಟ್ ಸ್ವಿಚ್‌ಗೆ ಅಡ್ಡ ತಂತಿ ಹಾಕಿ ಹುಲ್ಲು ಕತ್ತರಿಸುವವರಿದ್ದಾರೆ. ಸವಾರ ಬಿದ್ದಾಗ ಬ್ಲೇಡ್ ನಿಲ್ಲುವುದೇ ಆ ಸ್ವಿಚ್‌ನಿಂದ. ಎಷ್ಟೇ ಅವಸರ ಇದ್ದರೂ ಅದನ್ನು ಮಾಡಬೇಡಿ.

ಸೀಟ್ ಸ್ವಿಚ್‌ಗೆ ಮಲ್ಟಿಮೀಟರ್ ಹಚ್ಚಿ ಒತ್ತಿ ಬಿಟ್ಟು ನೋಡಿ. ಸ್ವಲ್ಪ ಅಲ್ಲಾಡಿಸಿದಾಗಲೂ ಓದು ಸ್ಥಿರವಾಗಿರಬೇಕು. ಕನೆಕ್ಟರ್‌ಗಳಲ್ಲಿ ಹಸಿರು ತುಕ್ಕು, ಸೀಟಿನ ಸ್ಪ್ರಿಂಗ್ ಕೆಳಗೆ ಸಿಕ್ಕಿ ಜಜ್ಜಿದ ವೈರ್, ಬ್ಯಾಟರಿ ಹತ್ತಿರ ಇಲಿ ಕಡಿದ ಜಾಗ, ಇವನ್ನು ಹುಡುಕಿ.

ಕಾಯಿಲ್ ಮೇಲೆ ಅನುಮಾನ ನಿಂತರೆ ಮಲ್ಟಿಮೀಟರ್‌ನ ಓಮ್ ಓದನ್ನು ಪೂರ್ತಿ ನಂಬಬೇಡಿ. ಒಳಗೆ ಎಲೆಕ್ಟ್ರಾನಿಕ್ ಭಾಗವಿದೆ, ತಣ್ಣಗಿದ್ದಾಗ ಸರಿಯಾಗಿಯೇ ತೋರಿಸಬಹುದು. ಬಿಸಿಯಿದ್ದಾಗ ಕಿಡಿ ಇಲ್ಲ, ತಣ್ಣಗಾದ ಮೇಲೆ ಇದೆ ಎನ್ನುವುದು ಗಟ್ಟಿ ಸಾಕ್ಷಿ. ಹೊಸ ಕಾಯಿಲ್ ಕೂರಿಸುವಾಗ ಫ್ಲೈವೀಲ್‌ನ ಆಯಸ್ಕಾಂತದಿಂದ ಅದರ ಅಂತರ ಹಲವು ಎಂಜಿನ್‌ಗಳಲ್ಲಿ 0.25ರಿಂದ 0.35 ಮಿ.ಮೀ. ಇರುತ್ತದೆ. ಲೋಹವಲ್ಲದ ಗೇಜ್ ಅಥವಾ ಆ ದಪ್ಪದ ಕಾರ್ಡ್ ನಡುವೆ ಇಟ್ಟು ಬಿಗಿಯಿರಿ.

ಎರಡು ಸಿಲಿಂಡರಿನ ಎಂಜಿನ್ ಆದರೆ ಒಂದು ಸಿಲಿಂಡರ್ ಸತ್ತರೂ ಇನ್ನೊಂದು ಎಳೆದುಕೊಂಡು ಓಡುತ್ತದೆ. ಶಕ್ತಿ ಇರುವುದಿಲ್ಲ, ಬ್ಲೇಡ್ ಹಾಕಿದರೆ ನಿಲ್ಲುತ್ತದೆ. ಎರಡೂ ಪ್ಲಗ್‌ಗೆ ಟೆಸ್ಟರ್ ಹಾಕಿ ಹೋಲಿಸಿ. ಒಂದು ಕಡೆ ಮಿನುಗದಿದ್ದರೆ ಎರಡು ಕಾಯಿಲ್‌ಗಳ ಆಫ್ ವೈರ್‌ಗಳನ್ನೂ ಕಳಚಿ ನೋಡಿ. ಹಲವು ಎಂಜಿನ್‌ಗಳಲ್ಲಿ ಆ ವೈರ್‌ಗಳಲ್ಲಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುತ್ತದೆ, ಅದು ಕೆಟ್ಟರೂ ಒಂದು ಸಿಲಿಂಡರ್ ಮಂಕಾಗುತ್ತದೆ.

ಹೆಜ್ಜೆ 7: ಪೆಟ್ರೋಲ್, ಕಿಡಿ ಎರಡೂ ಸರಿಯಿದ್ದರೆ

ಈಗ ಯಂತ್ರದ ಒಳಭಾಗ. ವಾಲ್ವ್ ಅಂತರ ಮೊದಲು ನೋಡಿ, ಇದನ್ನು ಮರೆಯುವವರೇ ಜಾಸ್ತಿ. ಸ್ಟಾರ್ಟ್ ಮಾಡುವಾಗ ಸ್ಟಾರ್ಟರ್ ಒಂದು ಸುತ್ತು ತಿರುಗಿ ತಡೆದು ನಿಂತರೆ ಬ್ಯಾಟರಿಯನ್ನು ಮಾತ್ರ ಬಯ್ಯಬೇಡಿ. ವಾಲ್ವ್ ಅಂತರ ಹೆಚ್ಚಾದಾಗ, ಸ್ಟಾರ್ಟ್ ಮಾಡುವಾಗ ಸಿಲಿಂಡರಿನ ಒತ್ತಡ ಸ್ವಲ್ಪ ಬಿಡುವ ವ್ಯವಸ್ಥೆ ಕೆಲಸ ಮಾಡದೆಯೂ ಹೀಗಾಗುತ್ತದೆ. ಎಂಜಿನ್ ತಣ್ಣಗಿರಬೇಕು. ಪ್ಲಗ್ ತೆಗೆದು, ಎರಡೂ ವಾಲ್ವ್ ಮುಚ್ಚಿರುವ ಕಂಪ್ರೆಷನ್ ಸ್ಟ್ರೋಕ್‌ಗೆ ತಂದು, ಕೈಪಿಡಿ ಹೇಳಿದ ಸ್ಥಾನದಲ್ಲಿ ಪಿಸ್ಟನ್ ನಿಲ್ಲಿಸಿ. ಹಲವು ಬ್ರಿಗ್ಸ್ ಸಿಂಗಲ್ ಸಿಲಿಂಡರ್ ಎಂಜಿನ್‌ಗಳಲ್ಲಿ ಅದು ಮೇಲ್ತುದಿ ದಾಟಿ ಸುಮಾರು 6 ಮಿ.ಮೀ. ಕೆಳಗೆ. ಅಂತರ ಸಾಮಾನ್ಯವಾಗಿ 0.1ರಿಂದ 0.2 ಮಿ.ಮೀ. ಒಳಗೆ ಇರುತ್ತದೆ, ಒಳಬರುವ ವಾಲ್ವ್‌ಗೂ ಹೊರಹೋಗುವ ವಾಲ್ವ್‌ಗೂ ಬೇರೆ ಬೇರೆ ಇರಬಹುದು. ಖಚಿತ ಅಂಕಿ ನಿಮ್ಮ ಮಾದರಿಯ ಕೈಪಿಡಿಯದ್ದೇ ಆಗಿರಲಿ. ವಾಲ್ವ್ ಮುಚ್ಚಳ ತೆಗೆದಿರುವಾಗಲೇ ಪುಶ್‌ರಾಡ್ (ವಾಲ್ವ್ ತೆರೆಯಲು ಒತ್ತುವ ಕಡ್ಡಿ) ಬಾಗಿದೆಯೇ ನೋಡಿ. ಬಾಗಿದ್ದರೆ ವಾಲ್ವ್ ಬಿಸಿಗೆ ಹಿಡಿದುಕೊಂಡಿರುವ ಸಾಧ್ಯತೆ ದೊಡ್ಡದು.

ಹೆಡ್ ಗ್ಯಾಸ್ಕೆಟ್ ಹೋದರೆ ಉರಿಯುವ ಒತ್ತಡ ಪುಶ್‌ರಾಡ್ ಜಾಗದ ಮೂಲಕ ಕ್ರ್ಯಾಂಕ್‌ಕೇಸ್‌ಗೆ ನುಗ್ಗುತ್ತದೆ. ಆಯಿಲ್ ಬ್ರೀದರ್‌ನಿಂದ ಹೊರಬರುತ್ತದೆ, ಹೊಗೆ ಏಳುತ್ತದೆ, ಶಕ್ತಿ ಕುಗ್ಗುತ್ತದೆ. ಒತ್ತಡ ಬಿಡುವ ವ್ಯವಸ್ಥೆ ಇರುವ ಎಂಜಿನ್‌ನಲ್ಲಿ ಕಂಪ್ರೆಷನ್ ಗೇಜ್ ಓದು ಕಡಿಮೆ ಬರುವುದು ಸಹಜ. ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವ ಲೀಕ್‌ಡೌನ್ ಪರೀಕ್ಷೆ ಮಾಡಿಸುವುದು ವಾಸಿ.

ಬ್ಲೇಡ್ ಮರದ ಬುಡಕ್ಕೋ ಕಲ್ಲಿಗೋ ಬಡಿದ ಮೇಲೆ ತೊಂದರೆ ಶುರುವಾಗಿದ್ದರೆ ಫ್ಲೈವೀಲನ್ನು ಅದರ ಶಾಫ್ಟ್ ಮೇಲೆ ಸರಿಯಾದ ಜಾಗದಲ್ಲಿ ಕೂರಿಸುವ ಫ್ಲೈವೀಲ್ ಕೀ ನೋಡಬೇಕು. ಮೆತ್ತಗಿನ ಲೋಹದ ಈ ಸಣ್ಣ ತುಂಡು ಕತ್ತರಿಸಿದರೆ ಫ್ಲೈವೀಲ್ ಸ್ವಲ್ಪ ಜರುಗಿ, ಕಿಡಿ ತಪ್ಪು ಹೊತ್ತಿಗೆ ಬೀಳುತ್ತದೆ. ಪಟಾಕಿಯಂಥ ಸದ್ದು, ಸ್ಟಾರ್ಟರ್ ಹಿಂದಕ್ಕೆ ಒದೆಯುವುದು ಇದರ ಗುರುತು. ಹೊಸ ಕೀ ಹಾಕಿ, ನಟ್ಟನ್ನು ಟಾರ್ಕ್ ರೆಂಚ್‌ನಿಂದ ಕೈಪಿಡಿಯ ಅಳತೆಗೆ ಬಿಗಿಯಿರಿ.

ಗವರ್ನರ್ ಕೊನೆಗೆ. ಸ್ಪ್ರಿಂಗ್ ಎಳೆದು ಉದ್ದವಾಗಿದೆಯೇ, ಕಡ್ಡಿಗಳು ಸಲೀಸಾಗಿ ಚಲಿಸುತ್ತವೆಯೇ, ಅಷ್ಟು ನೋಡಿದರೆ ಸಾಕು. ಈ ಎಂಜಿನ್‌ಗಳ ಪೂರ್ತಿ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 3,000ದಿಂದ 3,600 ಸುತ್ತು. ಅದಕ್ಕಿಂತ ಮೇಲೆ ಓಡಿಸಿದರೆ ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್ ಬ್ಲಾಕ್ ಸೀಳಬಹುದು. ಸುತ್ತು ಅಳೆಯುವ ಟ್ಯಾಕೋಮೀಟರ್ ಇಲ್ಲದೆ ವೇಗದ ಸ್ಕ್ರೂ ತಿರುಗಿಸಬೇಡಿ.

ಹೆಜ್ಜೆ 8: ಸರಿಯಾಯಿತೇ ಎಂದು ನೋಡುವುದು

ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ, ಓಡಿಸಿ ನೋಡಿ. ಎರಡು ಮೂರು ಒಟ್ಟಿಗೆ ಬದಲಿಸಿದರೆ ದೋಷ ಯಾವುದರಲ್ಲಿತ್ತು ಎಂದು ಗೊತ್ತಾಗುವುದಿಲ್ಲ, ಮತ್ತೆ ಬಂದಾಗ ಮೊದಲಿನಿಂದ ಹುಡುಕಬೇಕು. ನಿಂತಲ್ಲೇ ಐದು ನಿಮಿಷ ಓಡಿದ್ದು ಪರೀಕ್ಷೆ ಅಲ್ಲ. ಬ್ಲೇಡ್ ಹಾಕಿ, ಪೂರ್ತಿ ಥ್ರಾಟಲ್‌ನಲ್ಲಿ, ಮೊದಲು ನಿಂತ ಸಮಯದ ಎರಡರಷ್ಟು ಹೊತ್ತು ಕತ್ತರಿಸಿ. ಅರ್ಧ ಥ್ರಾಟಲ್ ಬೇಡ, ಆಗ ಫ್ಯಾನ್ ಗಾಳಿಯೂ ಕಡಿಮೆ, ಚಾರ್ಜಿಂಗೂ ಕಡಿಮೆ. ಇಳಿಜಾರು ಇದ್ದರೆ ಕೈಪಿಡಿ ಒಪ್ಪುವಷ್ಟರಲ್ಲಿ ಅಲ್ಲೂ ಓಡಿಸಿ. ಮುಗಿದ ಮೇಲೆ ಎಂಜಿನ್ ತಣ್ಣಗಾಗಲು ಬಿಟ್ಟು ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡಿ. ತಿಳಿ ಕಂದು ಕಂಡರೆ ಗಾಡಿ ಸರಿಹೋಗಿದೆ. ಮತ್ತೆ ಮಸಿಯೋ ಸುಣ್ಣದ ಬಿಳಿಯೋ ಕಂಡರೆ, ಎಂಜಿನ್ ನಿಲ್ಲದಿದ್ದರೂ, ಐದನೇ ಹೆಜ್ಜೆಗೆ ಹಿಂದಿರುಗಿ.